ಕ್ಷಣದೀಪ್ತಿಯಲ್ಲಿ ಮಳೆಹನಿ: ಕ್ಷಿಪ್ರ ಛಾಯಾಗ್ರಹಣದ ಒಂದು ವಿವೇಚನೆ

ಮಳೆಹನಿಯ ಚಿತ್ರ ಬರೆಯಿರೆಂದರೆ ಮೇಲ್ತುದಿ ಚೂಪಾಗಿ ಕೆಳಗೆ ದುಂಡಗಿರುವ ಆಕೃತಿಯನ್ನೇ ನಾವೆಲ್ಲರೂ ಬರೆಯುತ್ತೇವೆ. ಆದರೆ ಬೀಳುತ್ತಿರುವ ಹನಿಗೆ ಆ ಆಕಾರವಿಲ್ಲ. ಇದನ್ನು ಬರಿಗಣ್ಣು ಗುರುತಿಸಲಾರದು. ಅತ್ಯಲ್ಪಕಾಲ ಬೆಳಗುವ ಫ್ಲಾಶ್ ದೀಪದಿಂದ ತೆಗೆದ ಛಾಯಾಚಿತ್ರ ಅದನ್ನು ತೋರಿಸಿಕೊಡುತ್ತದೆ. ಆ ಛಾಯಾಗ್ರಹಣದ ತತ್ತ್ವವನ್ನು, ನೈಋತ್ಯ ಮಾರುತವು ಮೊದಲು ಕಾಲಿಡುವ ಕೇರಳದ ತಿರುವನಂತಪುರ ಮತ್ತು ಕೊಚ್ಚಿಗಳ ಮಳೆಯನ್ನು ನಿದರ್ಶನವಾಗಿ ಇಟ್ಟುಕೊಂಡು ಇಲ್ಲಿ ವಿವರಿಸಲು ಯತ್ನಿಸಿದ್ದೇವೆ.

2 ಮಿಲಿಮೀಟರ್ ವ್ಯಾಸದ ಹನಿಯು ಸೆಕೆಂಡಿಗೆ ಸುಮಾರು 6.5 ಮೀಟರ್ ವೇಗದಲ್ಲಿ ಇಳಿಯುತ್ತದೆ. ಕ್ಯಾಮೆರಾದ ಶಟರ್ ಸೆಕೆಂಡಿನ 1/1000 ಭಾಗದಷ್ಟು ಕಾಲ ತೆರೆದಿದ್ದರೂ ಅಷ್ಟರಲ್ಲಿ ಹನಿಯು ತನ್ನ ವ್ಯಾಸದ ಮೂರು ಪಟ್ಟಿಗೂ ಹೆಚ್ಚು ದೂರ ಸರಿದಿರುತ್ತದೆ; ಚಿತ್ರದಲ್ಲಿ ಹನಿಯ ಬದಲು ಗೆರೆಯೊಂದು ಮೂಡುತ್ತದೆ. ಬೆಳಕೇ 1/20,000 ಸೆಕೆಂಡು ಮಾತ್ರ ಇದ್ದರೆ ಹನಿ ಸರಿಯುವುದು 0.3 ಮಿ.ಮೀ.ನಷ್ಟು. ಆದ್ದರಿಂದ ಕತ್ತಲೆಯಲ್ಲಿ ಶಟರನ್ನು ತೆರೆದಿಟ್ಟು, ಹನಿ ಎದುರಿಗೆ ಬಂದಾಗ ದೀಪವನ್ನು ಬೆಳಗಿಸುತ್ತಾರೆ. ಚಲನೆಯನ್ನು ಹಿಡಿದು ನಿಲ್ಲಿಸುವುದು ಶಟರ್ ಅಲ್ಲ, ಬೆಳಕಿನ ಅಲ್ಪಾವಧಿ. ಇರುಳ ಮಳೆಯಲ್ಲಿ ಮಿಂಚು ಹೊಳೆದಾಗ ಹನಿಗಳು ಗಾಳಿಯಲ್ಲೇ ನಿಂತಂತೆ ತೋರುವುದಕ್ಕೂ ಇದೇ ಕಾರಣ.

ಈ ತತ್ತ್ವ ಹೊಸದೇನಲ್ಲ. 1851ರಲ್ಲಿ ಇಂಗ್ಲೆಂಡಿನ ಟಾಲ್ಬಟ್ ತಿರುಗುವ ಚಕ್ರಕ್ಕೆ ಅಂಟಿಸಿದ ಮುದ್ರಿತ ಹಾಳೆಯನ್ನು ವಿದ್ಯುತ್ ಕಿಡಿಯ ಬೆಳಕಿನಲ್ಲಿ ಚಿತ್ರಿಸಿದನು. ವರ್ದಿಂಗ್ಟನ್ ಅದೇ ಬಗೆಯ ಕಿಡಿಯಿಂದ ಹನಿಗಳ ಚಿಮ್ಮುವಿಕೆಯನ್ನು ಅಭ್ಯಸಿಸಿ 1908ರಲ್ಲಿ ಗ್ರಂಥವನ್ನೇ ಪ್ರಕಟಿಸಿದನು. 1930ರ ದಶಕದಲ್ಲಿ ಅಮೆರಿಕದ ಎಡ್ಗರ್ಟನ್ ಅನಿಲ ತುಂಬಿದ ವಿದ್ಯುತ್ ದೀಪಗಳಿಂದ ಇದನ್ನು ಸುಲಭಸಾಧ್ಯಗೊಳಿಸಿದನು. ಇಂದಿನ ಸಾಮಾನ್ಯ ಫ್ಲಾಶ್ ದೀಪಗಳಲ್ಲಿ ಶಕ್ತಿಯನ್ನು ತಗ್ಗಿಸಿದಷ್ಟೂ ಬೆಳಗುವ ಅವಧಿ ಕಿರಿದಾಗುತ್ತದೆ. ಬೆಳಕು ಕಡಿಮೆಯಾಗುವುದರಿಂದ ದೀಪವನ್ನು ವಸ್ತುವಿನ ಸಮೀಪಕ್ಕೆ ತರಬೇಕಾಗುತ್ತದೆ.

ಇಂತಹ ಚಿತ್ರಗಳಲ್ಲಿ 1 ಮಿ.ಮೀ.ಗಿಂತ ಕಿರಿದಾದ ಹನಿ ಬಹುಮಟ್ಟಿಗೆ ಗೋಳಾಕಾರವಾಗಿಯೇ ಕಾಣುತ್ತದೆ. ಮೇಲ್ಮೈ ಸೆಳೆತವು ಅದನ್ನು ದುಂಡಗೆ ಹಿಡಿದಿಡುತ್ತದೆ. ಹನಿ ದೊಡ್ಡದಾದಂತೆ ಕೆಳಗಿನಿಂದ ಒತ್ತುವ ಗಾಳಿ ಮೇಲುಗೈ ಪಡೆದು, 4-5 ಮಿ.ಮೀ. ಹನಿಯು ಅಡಿ ಚಪ್ಪಟೆಯಾದ ಬನ್ನಿನಂತಾಗುತ್ತದೆ. ಇನ್ನೂ ಬೆಳೆದರೆ ಒಡೆದುಹೋಗುವುದೇ ಹೆಚ್ಚು. ಚೂಪುತುದಿ ಇರುವುದು ಸೂರಿನಿಂದಲೋ ಎಲೆಯ ತುದಿಯಿಂದಲೋ ಕಳಚಿಕೊಳ್ಳುವ ಗಳಿಗೆಯಲ್ಲಿ ಮಾತ್ರ.

ತಿರುವನಂತಪುರದಲ್ಲಿರುವ, ಇಂದು ರಾಷ್ಟ್ರೀಯ ಭೂವಿಜ್ಞಾನ ಅಧ್ಯಯನ ಕೇಂದ್ರವೆನಿಸಿರುವ ಸಂಸ್ಥೆಯ ಸಂಶೋಧಕರು ಆ ನಗರದಲ್ಲೂ ಕೊಚ್ಚಿ, ಮುನ್ನಾರ್‌ಗಳಲ್ಲೂ ಡಿಸ್‌ಡ್ರೋಮೀಟರ್ ಎಂಬ ಉಪಕರಣದಿಂದ ಹನಿಗಳ ಗಾತ್ರವನ್ನು ಅಳೆದಿದ್ದಾರೆ. ಅದು ಹನಿಯ ಬಡಿತವನ್ನು ಗ್ರಹಿಸಿ ಗಾತ್ರವನ್ನು ಲೆಕ್ಕ ಹಾಕುತ್ತದೆ, ಆಕಾರವನ್ನು ಹೇಳದು. ಆಕಾರಕ್ಕೆ ಚಿತ್ರವೇ ಸಾಕ್ಷಿ.

ಆಕಾರದ ಅರಿವಿನಿಂದ ಪ್ರಯೋಜನವೇನೆಂದು ಕೇಳಬಹುದು. ತಿರುವನಂತಪುರದ ತುಂಬಾದಲ್ಲಿರುವ ಇಸ್ರೋದ ಹವಾಮಾನ ರೇಡಾರ್ ಅಡ್ಡ ಮತ್ತು ಲಂಬ ಎರಡೂ ದಿಕ್ಕಿನಲ್ಲಿ ಕಂಪಿಸುವ ತರಂಗಗಳನ್ನು ಬಳಸುತ್ತದೆ. ಚಪ್ಪಟೆಯಾದ ಹನಿ ಅಡ್ಡ ತರಂಗವನ್ನು ಹೆಚ್ಚು ಪ್ರತಿಫಲಿಸುವುದರಿಂದ, ಎರಡರ ವ್ಯತ್ಯಾಸದಿಂದ ಹನಿಗಳ ಗಾತ್ರವನ್ನೂ ಮಳೆಯ ಪ್ರಮಾಣವನ್ನೂ ಅಂದಾಜು ಮಾಡಬಹುದು. 2018ರ ಆಗಸ್ಟ್ ತಿಂಗಳ ಮಹಾಪೂರವನ್ನು ಕಂಡ ನಾಡಿಗೆ, ಮಳೆ ಸುರಿಯುತ್ತಿರುವಾಗಲೇ ಅದರ ಪ್ರಮಾಣವನ್ನು ತಿಳಿಯುವುದು ಕೇವಲ ಕುತೂಹಲದ ವಿಷಯವಲ್ಲ. ಅದೇ ಮಾರುತವು ಮುಂದೆ ಕಾಸರಗೋಡು, ದಕ್ಷಿಣ ಕನ್ನಡಗಳತ್ತ ಸಾಗುವುದರಿಂದ ಕನ್ನಡಿಗರಿಗೂ ಇದು ಸಂಬಂಧಿಸಿದ್ದು. ಕನ್ನಡದಲ್ಲಿ ಮಕ್ಕಳಿಗಾಗಿ ವಿಜ್ಞಾನವನ್ನು ಬರೆಯುವವರು ಬೀಳುವ ಹನಿಯ ಚೂಪುತುದಿಯನ್ನು ಇನ್ನಾದರೂ ಕೈಬಿಡುವುದು ಯುಕ್ತವೆಂದು ನಮ್ಮ ಅಭಿಪ್ರಾಯ.