ಹಳೆಯ ಗಾಳದ ರೀಲನ್ನು ಬಿಚ್ಚಿ ಜೋಡಿಸುವ ಬಗೆ: ಮಿಚೆಲ್ 300

ಸ್ಯಾನ್ ಡಿಯಾಗೋದಲ್ಲಿರುವ ನನ್ನ ಸೋದರಮಾವನಿಗೆ ಈಗ ಎಂಬತ್ತೆರಡು ವರ್ಷ. ಮಲ್ಪೆಯ ಕಡಲ ಮಗ್ಗುಲಲ್ಲಿ ಬೆಳೆದವರು. ಎಪ್ಪತ್ತರ ದಶಕದಲ್ಲಿ ಇಂಜಿನಿಯರಾಗಿ ಈ ದೇಶಕ್ಕೆ ಬಂದ ಮೇಲೂ ಭಾನುವಾರ ಬೆಳಗ್ಗೆ ಗಾಳ ಹಾಕುವುದನ್ನು ಬಹಳ ಕಾಲ ಬಿಟ್ಟಿರಲಿಲ್ಲ. ಎರಡು ವರ್ಷದಿಂದ ಅವರಿಗೆ ಮರೆವಿನ ಕಾಯಿಲೆ. ಕಳೆದ ಬೇಸಿಗೆಯಲ್ಲಿ ಗ್ಯಾರೇಜು ಖಾಲಿ ಮಾಡುವಾಗ ಹಳೆಯ ಟವೆಲಿನಲ್ಲಿ ಸುತ್ತಿಟ್ಟ ಒಂದು ರೀಲು ಸಿಕ್ಕಿತು. ಅದರ ಹ್ಯಾಂಡಲ್ ಅಲುಗುತ್ತಿರಲಿಲ್ಲ. ಅತ್ತೆ ಅದನ್ನು ಎಸೆಯುವ ಸಾಮಾನಿನ ಪೆಟ್ಟಿಗೆಗೆ ಹಾಕಿದರು. ಮಾವ ಎರಡು ಸಲ ಎತ್ತಿಕೊಂಡು ಬಂದು ಊಟದ ಮೇಜಿನ ಮೇಲಿಟ್ಟರು. ಕೊನೆಗೆ ನಾನು ಅದನ್ನು ಲಾಸ್ ಏಂಜಲೀಸಿನ ನಮ್ಮ ಮನೆಗೆ ತಂದೆ. ಕೈಗಳಿಗೆ ಗಾಳದ ನೆನಪು ಇರುವಾಗಲೇ ಮಾವನನ್ನು ಒಮ್ಮೆ ನೀರಿನ ಬಳಿಗೆ ಕರೆದೊಯ್ಯಬೇಕೆಂಬುದು ನನ್ನ ಆಸೆಯಾಗಿತ್ತು. ಆ ಕೆಲಸದಲ್ಲಿ ಕಲಿತದ್ದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ರೀಲಿನ ಹಿನ್ನೆಲೆ

ಮಲ್ಪೆಯಲ್ಲಿ ಮಾವನ ಬಾಲ್ಯದ ಗಾಳಕ್ಕೆ ರೀಲೇ ಇರಲಿಲ್ಲ. ಮರದ ತುಂಡಿಗೆ ಸುತ್ತಿದ ದಾರವನ್ನು ಬಿಚ್ಚಿ ಕಾಲ ಬಳಿ ಸುರುಳಿಯಾಗಿ ಹಾಕಿಕೊಂಡು, ಸೀಸದ ಗುಂಡು ಕಟ್ಟಿದ ತುದಿಯನ್ನು ಬೀಸಿ ಎಸೆಯುತ್ತಿದ್ದರು. ಸುರುಳಿ ಇದ್ದಲ್ಲೇ ಇರುತ್ತದೆ, ದಾರ ಮಾತ್ರ ಒಂದೊಂದೇ ಸುತ್ತಾಗಿ ಜಾರಿ ಹೋಗುತ್ತದೆ. ಸ್ಪಿನ್ನಿಂಗ್ ರೀಲಿನ ತತ್ತ್ವವೂ ಇದೇ. ಎಸೆಯುವಾಗ ಅದರ ಸ್ಪೂಲು ಉರುಳುವುದಿಲ್ಲ. ದಾರ ಸ್ಪೂಲಿನ ಅಂಚಿನ ಮೇಲಿಂದ ಸುಲಭವಾಗಿ ಜಾರುತ್ತದೆ. ಇಂಗ್ಲೆಂಡಿನ ಬ್ರಾಡ್‌ಫರ್ಡಿನ ಬಟ್ಟೆ ಗಿರಣಿ ಉದ್ಯಮಿ ಆಲ್ಫ್ರೆಡ್ ಹೋಲ್ಡನ್ ಇಲ್ಲಿಂಗ್‌ವರ್ತ್ 1905ರಲ್ಲಿ ಇಂಥ ರೀಲಿಗೆ ಪೇಟೆಂಟ್ ಪಡೆದರು. ಗಿರಣಿಯ ಬಾಬಿನ್ನಿನ ತುದಿಯಿಂದ ನೂಲು ಸರಾಗವಾಗಿ ಕಳಚಿಕೊಳ್ಳುವುದನ್ನು ನೋಡಿ ಅವರಿಗೆ ಈ ಉಪಾಯ ಹೊಳೆಯಿತೆಂಬುದು ಪ್ರಸಿದ್ಧ ಕಥೆ.

ಮಾವನ ರೀಲು ಮಿಚೆಲ್ 300. ಗಡಿಯಾರದ ಕೆಲಸಕ್ಕೆ ಹೆಸರಾದ ಫ್ರಾನ್ಸಿನ ಕ್ಲೂಸ್ ಪಟ್ಟಣದಲ್ಲಿ ಕಾರ್ಪಾನೊ ಎ ಪೊನ್ಸ್ ಕಂಪನಿ ಇದನ್ನು ತಯಾರಿಸುತ್ತಿತ್ತು. ಅಮೆರಿಕದಲ್ಲಿ ಗಾರ್ಸಿಯಾ ಕಂಪನಿ ಮಾರುತ್ತಿತ್ತು. ಸ್ಯಾನ್ ಡಿಯಾಗೋದಲ್ಲೇ ತಯಾರಾದ ಲ್ಯಾಂಗ್ಲಿ ರೀಲುಗಳೂ ಹಳೆಯ ಸಾಮಾನಿನ ಸಂತೆಗಳಲ್ಲಿ ಕಾಣಸಿಗುತ್ತವೆ. ಆದರೆ ಮಿಚೆಲ್ 300 ಅಪಾರ ಸಂಖ್ಯೆಯಲ್ಲಿ ಮಾರಾಟವಾದ್ದರಿಂದ, ಅದರ ಬಿಡಿಭಾಗಕ್ಕಾಗಿ ಇನ್ನೊಂದು ಕೆಟ್ಟ ರೀಲನ್ನು ಹುಡುಕುವುದು ಕಷ್ಟವಲ್ಲ. ಕೊಳ್ಳುವಾಗ ಒಂದನ್ನು ಗಮನಿಸಿ: 300ರ ಹ್ಯಾಂಡಲ್ ಎಡಗೈಗೆ, 301ರದು ಬಲಗೈಗೆ. ಈ ರೀಲುಗಳಲ್ಲಿ ಅದನ್ನು ಬದಿ ಬದಲಿಸಿ ಹಾಕಲು ಬರುವುದಿಲ್ಲ.

ಒಳಗೆ ಏನಿದೆ

ಹ್ಯಾಂಡಲ್ ತಿರುಗಿಸಿದಾಗ ಒಳಗೆ ಎರಡು ಕೆಲಸ ಒಟ್ಟಿಗೆ ನಡೆಯುತ್ತವೆ. ದೊಡ್ಡ ಗಿಯರ್ ಪಿನಿಯನ್ ಎಂಬ ಸಣ್ಣ ಗಿಯರನ್ನು ತಿರುಗಿಸುತ್ತದೆ. ಪಿನಿಯನ್‌ಗೆ ಜೋಡಿಸಿದ ಬಟ್ಟಲಿನಂಥ ರೋಟರ್, ಬೇಲ್ ಎಂಬ ತಂತಿಯ ಕಮಾನನ್ನು ಹೊತ್ತು ಸುತ್ತುತ್ತಾ ದಾರವನ್ನು ಸ್ಪೂಲಿಗೆ ಸುತ್ತುತ್ತದೆ. ಅದೇ ಹೊತ್ತಿಗೆ ಪಿನಿಯನ್ನಿನ ಟೊಳ್ಳಿನ ಮೂಲಕ ಹಾದುಹೋಗುವ ಸರಳು ಹಿಂದೆ ಮುಂದೆ ಚಲಿಸಿ, ದಾರ ಒಂದೇ ಕಡೆ ಗುಡ್ಡೆಯಾಗದಂತೆ ನೋಡಿಕೊಳ್ಳುತ್ತದೆ. ಸ್ಪೂಲಿನಲ್ಲಿರುವ ವಾಷರುಗಳ ಪದರವೇ ಡ್ರ್ಯಾಗ್. ಮೀನು ಜೋರಾಗಿ ಎಳೆದರೆ ದಾರ ಕಡಿಯುವ ಮೊದಲೇ ಸ್ಪೂಲು ಜಾರಿ ದಾರ ಬಿಡುವಂತೆ ಮಾಡುವುದು ಇದರ ಕೆಲಸ.

ಬಿಚ್ಚುವ ಕ್ರಮ

ಬಿಳಿ ಟವೆಲ್ ಹಾಸಿ, ಮೊಟ್ಟೆಯ ಖಾಲಿ ಡಬ್ಬಿ ಇಟ್ಟುಕೊಳ್ಳಿ. ಬಿಚ್ಚಿದ ಭಾಗಗಳನ್ನು ಅನುಕ್ರಮವಾಗಿ ಅದರ ಗುಳಿಗಳಲ್ಲಿಡಿ. ಪ್ರತಿ ಹಂತದಲ್ಲೂ ಫೋನಿನಲ್ಲಿ ಚಿತ್ರ ತೆಗೆಯಿರಿ. ಸ್ಪ್ರಿಂಗುಗಳು ಹಾರುವುದರಿಂದ ಕಣ್ಣಿಗೆ ಕನ್ನಡಕವಿರಲಿ.

ಮೊದಲು ಸ್ಪೂಲಿನ ಮುಂಭಾಗದ ಗುಂಡಿ ಒತ್ತಿ ಸ್ಪೂಲನ್ನು ಹೊರತೆಗೆಯಿರಿ. ನಂತರ ಹ್ಯಾಂಡಲ್, ಆಮೇಲೆ ಪಕ್ಕದ ಮುಚ್ಚಳ. ಸ್ಕ್ರೂಗಳು ಕಚ್ಚಿಕೊಂಡಿದ್ದರೆ ಬಲ ಹಾಕಬೇಡಿ. ತುಕ್ಕು ಸಡಿಲಿಸುವ ಎಣ್ಣೆಯ ಎರಡು ಹನಿ ಬಿಟ್ಟು ಒಂದು ರಾತ್ರಿ ಕಾಯಿರಿ. ಸ್ಕ್ರೂವಿನ ಗೀರಿನಲ್ಲಿ ಪೂರ್ತಿ ಕೂರುವ ಅಗಲದ ಡ್ರೈವರನ್ನೇ ಬಳಸಿ. ಸಣ್ಣದಾದರೆ ಗೀರು ಹರಿದುಹೋಗುತ್ತದೆ. ಮುಚ್ಚಳ ತೆಗೆದ ಮೇಲೆ ಸರಳನ್ನು ಚಲಿಸುವ ಭಾಗಗಳು, ದೊಡ್ಡ ಗಿಯರ್, ಅದರ ಕೆಳಗಿನ ತೆಳು ಬಿಲ್ಲೆಗಳು ಬರುತ್ತವೆ. ಈ ಬಿಲ್ಲೆಗಳು ಗಿಯರಿನ ಹಲ್ಲುಗಳ ನಡುವಿನ ಅಂತರವನ್ನು ನಿರ್ಧರಿಸುತ್ತವೆ. ಗ್ರೀಸಿನಿಂದ ಅಂಟಿಕೊಂಡಿರುವ ಇವು ಕಣ್ಣಿಗೆ ಬೀಳುವುದೇ ಇಲ್ಲ. ರೋಟರನ್ನು ಹಿಡಿದಿರುವ ನಟ್ಟು ಕೆಲವು ರೀಲುಗಳಲ್ಲಿ ಎಡಸುತ್ತಿನದಾಗಿರುತ್ತದೆ. ಒಂದು ಕಡೆಗೆ ಸಡಿಲವಾಗದಿದ್ದರೆ, ಬಲ ಹಾಕುವ ಮೊದಲು ಇನ್ನೊಂದು ಕಡೆಗೆ ಮೆಲ್ಲಗೆ ನೋಡಿ.

ಶುಚಿಗೊಳಿಸುವುದು

ಮಾವನ ರೀಲಿನೊಳಗೆ ಎರಡು ರೋಗಗಳಿದ್ದವು. ಒಂದು, ದಶಕಗಳ ಹಳೆಯ ಗ್ರೀಸು ಒಣಗಿ ಅಂಟು ಬೆಲ್ಲದಂತಾಗಿತ್ತು. ಎರಡು, ಉಪ್ಪು. ಅಲ್ಯೂಮಿನಿಯಮ್ ಮೈ ಮತ್ತು ಹಿತ್ತಾಳೆ ಅಥವಾ ಉಕ್ಕಿನ ಭಾಗಗಳು ಉಪ್ಪುನೀರಿನಲ್ಲಿ ಒಂದಕ್ಕೊಂದು ತಾಗಿದರೆ ಸಣ್ಣ ಬ್ಯಾಟರಿಯಂತೆ ವಿದ್ಯುತ್ ಹರಿಯುತ್ತದೆ, ಸವೆಯುವುದು ಅಲ್ಯೂಮಿನಿಯಮ್. ಸ್ಕ್ರೂಗಳ ಸುತ್ತ ಕಾಣುವ ಬಿಳಿ ಪುಡಿ ಅದೇ.

ಲೋಹದ ಭಾಗಗಳನ್ನು ಸೀಮೆಎಣ್ಣೆಯಲ್ಲಿ ನೆನೆಸಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದೆ. ಈ ಕೆಲಸ ಗಾಳಿಯಾಡುವ ಕಡೆ, ಬೆಂಕಿಯಿಂದ ದೂರ ಮಾಡಬೇಕು. ಉಳಿದ ಎಣ್ಣೆಯನ್ನು ಮೋರಿಗೆ ಸುರಿಯದೆ, ಅಪಾಯಕಾರಿ ತ್ಯಾಜ್ಯ ಸಂಗ್ರಹಿಸುವ ಕೇಂದ್ರಕ್ಕೆ ಕೊಡಬೇಕು. ಡ್ರ್ಯಾಗಿನ ವಾಷರುಗಳನ್ನು ಮಾತ್ರ ಸೀಮೆಎಣ್ಣೆಗೆ ಹಾಕಲಿಲ್ಲ; ಒಣಬಟ್ಟೆಯಿಂದ ಒರೆಸಿ ಅದೇ ಕ್ರಮದಲ್ಲಿ ಇಟ್ಟೆ.

ಜೋಡಣೆ ಮತ್ತು ನನ್ನ ತಪ್ಪು

ಒಣಗಿದ ಗಿಯರುಗಳ ಹಲ್ಲಿಗೆ ದೋಣಿಗಳಿಗೆ ಬಳಸುವಂಥ ನೀರು ತಡೆಯುವ ಗ್ರೀಸನ್ನು ತೆಳುವಾಗಿ ಹಚ್ಚಿ. ಹೆಚ್ಚಾದರೆ ಮತ್ತೆ ಅಂಟಾಗಿ ಹ್ಯಾಂಡಲ್ ಭಾರವಾಗುತ್ತದೆ. ಬೇಲಿನ ಕೀಲುಗಳಿಗೂ ಹ್ಯಾಂಡಲಿನ ಹಿಡಿಗೂ ತೆಳು ಎಣ್ಣೆ ಒಂದೊಂದು ಹನಿ ಸಾಕು. ಬಿಚ್ಚಿದ ಕ್ರಮವನ್ನು ಹಿಂದುಮುಂದಾಗಿ ಅನುಸರಿಸಿದರೆ ಜೋಡಣೆ ಮುಗಿಯುತ್ತದೆ.

ನಾನು ಜೋಡಿಸಿದ ರೀಲು ತಿರುಗಿತು. ಸಂಭ್ರಮದಿಂದ ಮಾರನೆಯ ವಾರವೇ ಸ್ಯಾನ್ ಡಿಯಾಗೋಗೆ ಒಯ್ದು ಮಾವನ ಕೈಗೆ ಕೊಟ್ಟೆ. ನನ್ನ ಹೆಸರನ್ನು ಆ ದಿನ ಮೂರು ಸಲ ಕೇಳಿದ್ದ ಮಾವ, ರೀಲನ್ನು ಕಿವಿಯ ಬಳಿ ಹಿಡಿದು ನಾಲ್ಕು ಸುತ್ತು ತಿರುಗಿಸಿ, "ಒಳಗೆ ಎಂತದೋ ಒಂದು ಬಾಕಿ ಉಂಟು ಮಾರಾಯ" ಎಂದರು. ನನಗೆ ಏನೂ ಕೇಳಿಸಿರಲಿಲ್ಲ. ಮನೆಗೆ ಬಂದು ಮತ್ತೆ ಬಿಚ್ಚಿ ಚಿತ್ರಗಳೊಂದಿಗೆ ಹೋಲಿಸಿದೆ. ದೊಡ್ಡ ಗಿಯರಿನ ಕೆಳಗೆ ಎರಡು ಬಿಲ್ಲೆಗಳಿರಬೇಕಿತ್ತು, ಒಂದೇ ಇತ್ತು. ಇನ್ನೊಂದು, ನಾನು ಕೈ ಒರೆಸಿಕೊಂಡ ಬಟ್ಟೆಗೆ ಅಂಟಿಕೊಂಡು ಕಸದ ಚೀಲದಲ್ಲಿತ್ತು. ಹಾಗೆಯೇ ಬಳಸಿದ್ದರೆ ಗಿಯರಿನ ಹಲ್ಲುಗಳು ಬೇಗ ಸವೆದುಹೋಗುತ್ತಿದ್ದವು. ಆದ್ದರಿಂದ ಕೆಲಸ ಮುಗಿಯುವವರೆಗೆ ಒರೆಸುವ ಬಟ್ಟೆಯನ್ನು ಎಸೆಯಬೇಡಿ. ಬಿಲ್ಲೆಗಳನ್ನು ಎಣಿಸಿ ಬರೆದಿಟ್ಟುಕೊಳ್ಳಿ.

ಬಳಸುವಾಗ

ಸ್ಪೂಲಿಗೆ ಹೊಸ ನೈಲಾನ್ ದಾರವನ್ನು ಅಂಚಿನಿಂದ ಸುಮಾರು 3 ಮಿಲಿಮೀಟರ್ ಕೆಳಗಿನವರೆಗೆ ಸುತ್ತಿ. ಹೆಚ್ಚಾದರೆ ಸುರುಳಿಗಳು ಒಟ್ಟಿಗೆ ಹಾರಿ ಸಿಕ್ಕಾಗುತ್ತವೆ. ಕಡಿಮೆಯಾದರೆ ದೂರ ಹೋಗುವುದಿಲ್ಲ. ದಾರ ತಡೆಯುವ ಭಾರದ ನಾಲ್ಕನೇ ಒಂದು ಭಾಗದಷ್ಟು ಎಳೆದಾಗ ಜಾರುವಂತೆ ಡ್ರ್ಯಾಗನ್ನು ಹೊಂದಿಸಿ. ಕಡಲಿನಿಂದ ಬಂದ ಮೇಲೆ ಡ್ರ್ಯಾಗ್ ಬಿಗಿಮಾಡಿ, ಸಿಹಿನೀರನ್ನು ಮೆಲ್ಲಗೆ ಚಿಮುಕಿಸಿ ತೊಳೆಯಿರಿ. ಪೈಪಿನ ರಭಸ ಉಪ್ಪನ್ನು ಒಳಕ್ಕೇ ನೂಕುತ್ತದೆ. ಒರೆಸಿ ಒಣಗಿಸಿದ ನಂತರ ಡ್ರ್ಯಾಗನ್ನು ಸಡಿಲಿಸಿಟ್ಟರೆ ವಾಷರುಗಳು ಚಪ್ಪಟೆಯಾಗುವುದಿಲ್ಲ.

ಅಕ್ಟೋಬರಿನ ಒಂದು ಭಾನುವಾರ ಮಾವನನ್ನು ಶೆಲ್ಟರ್ ಐಲೆಂಡ್ ಪಿಯರಿಗೆ ಕರೆದೊಯ್ದೆ. ಕ್ಯಾಲಿಫೋರ್ನಿಯಾದಲ್ಲಿ ಸಮುದ್ರದ ಸಾರ್ವಜನಿಕ ಪಿಯರಿನಿಂದ ಮೀನು ಹಿಡಿಯಲು ಲೈಸೆನ್ಸ್ ಬೇಕಿಲ್ಲ; ಮೀನಿನ ಅಳತೆ ಮತ್ತು ಸಂಖ್ಯೆಯ ನಿಯಮಗಳು ಮಾತ್ರ ಅನ್ವಯಿಸುತ್ತವೆ. ದಾರವನ್ನು ತೋರುಬೆರಳಿಗೆ ಸಿಕ್ಕಿಸಿ, ಬೇಲ್ ತೆರೆದು ಎಸೆಯುವುದನ್ನು ಮಾವನಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಎರಡು ಮ್ಯಾಕರೆಲ್ ಸಿಕ್ಕವು. ನಮ್ಮ ಬಂಗುಡೆಯದೇ ಕುಟುಂಬದ ಮೀನು. ಮಾವ ಅದನ್ನು ಬಂಗುಡೆಯೆಂದೇ ಕರೆದರು. ಮನೆಗೆ ಬಂದು ರೀಲನ್ನು ತೊಳೆದು ಒರೆಸಿಕೊಟ್ಟಾಗ, ನಾನು ಹೇಳುವ ಮೊದಲೇ ಡ್ರ್ಯಾಗನ್ನು ಸಡಿಲಿಸಿ ಟವೆಲಿನ ಮೇಲಿಟ್ಟರು.

ನಿಮ್ಮ ಗ್ಯಾರೇಜಿನಲ್ಲೂ ಹಿರಿಯರ ರೀಲೊಂದು ಮೂಲೆ ಸೇರಿದ್ದರೆ, ಅದನ್ನು ಬಿಚ್ಚುವಾಗ ಅವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ನಾನು ಮೊದಲ ದಿನವೇ ಹಾಗೆ ಮಾಡಬೇಕಿತ್ತು.