ಕೊರಗರ ಸಂಖ್ಯೆ ಇಳಿದದ್ದೇಕೆ?

ಖರಾಡಿಯ ಐ.ಟಿ. ಕಚೇರಿಗಳ ಸುತ್ತ ನೆಲೆಸಿರುವ ನಮ್ಮ ಕನ್ನಡಿಗರನ್ನು ವಯಸ್ಸಿಗನುಸಾರವಾಗಿ ಸಾಲುಸಾಲಾಗಿ ನಿಲ್ಲಿಸಿದರೆ ನಡುವಿನ ಸಾಲುಗಳೇ ಉದ್ದವಾಗಿ ಕಾಣುವುವು. ದುಡಿಯುವ ಪ್ರಾಯದವರು ಇಲ್ಲಿದ್ದಾರೆ, ಹೆತ್ತವರು ಊರಿನಲ್ಲಿದ್ದಾರೆ. ಇದು ವಲಸೆ ರೂಪಿಸಿದ ವಯೋರಚನೆ. ಬುಡಕಟ್ಟು ಜನರದು ಬೇರೆಯೇ ಬಗೆಯದು.

2011ರ ಜನಗಣತಿಯಂತೆ ದೇಶದ ಒಟ್ಟು ಜನರಲ್ಲಿ ಆರು ವರ್ಷದವರೆಗಿನ ಮಕ್ಕಳು ಶೇ. 13.6ರಷ್ಟಿದ್ದರೆ, ಪರಿಶಿಷ್ಟ ಪಂಗಡಗಳಲ್ಲಿ ಶೇ. 16ರಷ್ಟಿದ್ದರು. ಅಂದರೆ ಬುಡ ಅಗಲವಾದ ಗೋಪುರ. ಇಂದಿನ ಮಕ್ಕಳೇ ಮುಂದೆ ತಂದೆತಾಯಿಗಳಾಗುವುದರಿಂದ, ಮನೆಗೆ ಮಕ್ಕಳು ಕಡಿಮೆಯಾದರೂ ಇಂತಹ ಜನಸಂಖ್ಯೆ ಕೆಲವು ದಶಕಗಳ ಕಾಲ ಏರುತ್ತಲೇ ಹೋಗುತ್ತದೆ.

ಆದರೆ ಎಲ್ಲ ಏರಿಕೆಯೂ ತೊಟ್ಟಿಲಿನಿಂದ ಬಂದದ್ದಲ್ಲ. ಕರ್ನಾಟಕದಲ್ಲಿ ಪರಿಶಿಷ್ಟ ಪಂಗಡದವರು 1971ರಲ್ಲಿ 2.31 ಲಕ್ಷ, 1981ರಲ್ಲಿ 18.25 ಲಕ್ಷ! ಹತ್ತು ವರ್ಷದಲ್ಲಿ ಯಾವ ಸಮುದಾಯವೂ ಎಂಟು ಪಟ್ಟು ಹೆರಲಾರದು. 1976ರ ಕಾಯಿದೆಯು ಪಂಗಡಗಳ ಮೇಲಿದ್ದ ಪ್ರಾದೇಶಿಕ ನಿರ್ಬಂಧವನ್ನು ತೆಗೆದದ್ದರಿಂದ, ಕೆಲವೇ ಪ್ರದೇಶಗಳಲ್ಲಿ ಎಣಿಕೆಗೆ ಬರುತ್ತಿದ್ದ ಹೆಸರುಗಳು ರಾಜ್ಯದಾದ್ಯಂತ ಎಣಿಕೆಗೆ ಬಂದವು. ಬೆಳೆದದ್ದು ಮುಖ್ಯವಾಗಿ ಪಟ್ಟಿ.

ಇಂತಹ ದೊಡ್ಡ ಮೊತ್ತದ ಮರೆಯಲ್ಲಿ ಚಿಕ್ಕ ಸಮುದಾಯ ಕಾಣಿಸುವುದಿಲ್ಲ. 2001ರಿಂದ 2011ರ ನಡುವೆ ರಾಜ್ಯದ ಪರಿಶಿಷ್ಟ ಪಂಗಡದವರು ಶೇ. 22ಕ್ಕೂ ಹೆಚ್ಚು ಬೆಳೆದರು. ಅದೇ ಅವಧಿಯಲ್ಲಿ ಉಡುಪಿ, ದಕ್ಷಿಣ ಕನ್ನಡಗಳಲ್ಲಿ ಹೆಚ್ಚಾಗಿ ವಾಸಿಸುವ ಕೊರಗರು ಕರ್ನಾಟಕದಲ್ಲಿ 16,071ರಿಂದ 14,794ಕ್ಕೆ ಇಳಿದರು. ಗಡಿಯಾಚೆಯ ಕಾಸರಗೋಡಿನಲ್ಲಿಯೂ ಇವರಿದ್ದಾರೆ. ಅಲ್ಲಿಯೂ ಇವರದು ಕಿರಿದಾದ ಗುಂಪೇ.

ಬುಡ ಅಗಲವಿದ್ದರೆ ಸಾಲದು, ಹುಟ್ಟಿದ ಮಗು ಮುಂದಿನ ಸಾಲಿಗೆ ತಲುಪಬೇಕು. ರಕ್ತಹೀನತೆ, ಅಪೌಷ್ಟಿಕತೆ, ಕ್ಷಯ, ಮದ್ಯಪಾನ ಇವು ಕೊರಗರನ್ನು ಬಹುಕಾಲದಿಂದ ಕಾಡುತ್ತಿವೆ. ನಡುಪ್ರಾಯದಲ್ಲಿ ಒಬ್ಬರು ತೀರಿಕೊಂಡರೆ ದುಡಿಮೆಯೊಡನೆ ಮುಂದೆ ಹುಟ್ಟಬಹುದಾಗಿದ್ದ ಮಕ್ಕಳೂ ಲೆಕ್ಕದಿಂದ ಹೋಗುತ್ತಾರೆ. ಲಕ್ಷಗಳಿರುವಲ್ಲಿ ಇದು ತಿಳಿಯದು. ಹದಿನಾಲ್ಕು ಸಾವಿರದಲ್ಲಿ ತಿಳಿಯುತ್ತದೆ. ಬುಟ್ಟಿ ಹೆಣೆದು ಡೋಲು ಬಾರಿಸುತ್ತಿದ್ದ ಈ ಜನರನ್ನು ಹೀನಾಯವಾಗಿ ನಡೆಸಿಕೊಂಡ ಅಜಲು ಪದ್ಧತಿಯನ್ನು ನಿಷೇಧಿಸಲು ನಮಗೆ 2000ದ ಕಾಯಿದೆಯವರೆಗೆ ಕಾಯಬೇಕಾಯಿತೆಂಬುದು ನಾಚಿಕೆಯ ಸಂಗತಿ.

ಡಾ. ಮಹಮ್ಮದ್ ಪೀರ್ ವರದಿಯು ಪ್ರತಿ ಕೊರಗ ಕುಟುಂಬಕ್ಕೆ ಎರಡೂವರೆ ಎಕರೆ ಭೂಮಿಯನ್ನು ಶಿಫಾರಸು ಮಾಡಿತ್ತು. ಅಂಗಳದಲ್ಲಿ ಒಂದಿಷ್ಟು ಬೆಳೆದುಕೊಂಡು ಉಣ್ಣುವ ಮನೆಗೂ ಕೂಲಿ ಸಿಕ್ಕ ದಿನ ಮಾತ್ರ ಉಣ್ಣುವ ಮನೆಗೂ ಮಕ್ಕಳ ಮೈಯಲ್ಲಿಯೇ ವ್ಯತ್ಯಾಸ ಕಾಣುತ್ತದೆ. ಆ ಭೂಮಿಗಾಗಿ ಕೊರಗ ಸಂಘಟನೆಗಳು ಮತ್ತೆ ಮತ್ತೆ ಧರಣಿ ಕುಳಿತಿವೆ. 2021ರಲ್ಲಿ ಆಗಬೇಕಿದ್ದ ಜನಗಣತಿ ಮುಂದಕ್ಕೆ ಹೋಗಿ, 2027ಕ್ಕೆ ನಿಗದಿಯಾಗಿದೆ.