ಮರ ನಿಂತರೆ ಎಷ್ಟು ಸಿಗುತ್ತದೆ?

ಮೂಡಿಗೆರೆ, ಕಳಸದ ಕಡೆ ಬೆಳೆಗಾರರು ನಾಲ್ಕು ಜನ ಸೇರಿದರೆ ಈಚೆಗೆ ಕಾರ್ಬನ್ ಕ್ರೆಡಿಟ್ ಮಾತು ಬಂದೇ ಬರುತ್ತದೆ. ತೋಟದಲ್ಲಿ ಹೇಗೂ ಮರಗಳಿವೆ, ಅವು ಇಂಗಾಲ ಹಿಡಿದಿಡುತ್ತವಂತೆ, ಅದಕ್ಕೆ ಕಂಪನಿಗಳು ದುಡ್ಡು ಕೊಡುತ್ತವಂತೆ. ಹಾಗಾದರೆ ಎಕರೆಗೆ ಎಷ್ಟು?

ಇಂಗಾಲದ ಲೆಕ್ಕವೇನೋ ಸುಲಭ. ಮರದ ಒಣತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಇಂಗಾಲ. ಒಂದು ಟನ್ ಇಂಗಾಲ ಎಂದರೆ 3.67 ಟನ್ ಕಾರ್ಬನ್ ಡೈಆಕ್ಸೈಡ್. ಒಣಗಿಸಿದರೆ ಒಂದು ಟನ್ ತೂಗುವ ಹಲಸಿನ ಮರ ಗಾಳಿಯಿಂದ ಎಳೆದುಕೊಂಡದ್ದು ಸುಮಾರು 1.8 ಟನ್. ತೊಡಕು ಶುರುವಾಗುವುದು ಇಲ್ಲಿಂದ ಮುಂದೆ. ಯೋಜನೆ ಇಲ್ಲದಿದ್ದರೆ ಸೇರುತ್ತಲೇ ಇರಲಿಲ್ಲ ಎಂದು ತೋರಿಸಬಹುದಾದ ಹೆಚ್ಚುವರಿ ಇಂಗಾಲಕ್ಕಷ್ಟೇ ಈ ಮಾರುಕಟ್ಟೆಯಲ್ಲಿ ಬೆಲೆ. ಅಜ್ಜನ ಕಾಲದಲ್ಲಿ ತುಂಬಿದ ಕಣಜ ತೋರಿಸಿ ಈ ಸಲದ ಬೆಳೆ ಎಂದರೆ ಯಾವ ವ್ಯಾಪಾರಿ ಒಪ್ಪುತ್ತಾನೆ? ಮೂರು ತಲೆಮಾರು ಕಾಡುಮರ ಕಾಯ್ದುಕೊಂಡು ಬಂದವನಿಗಿಂತ, ಎಂದೋ ಬೋಳಾದ ಗುಡ್ಡದಲ್ಲಿ ಈಗ ಸಸಿ ನೆಡುವವನ ಅರ್ಜಿಯೇ ಸಲೀಸು. ಅಳತೆ, ತಪಾಸಣೆಯ ಖರ್ಚು ಬೇರೆ; ಐದೆಕರೆಯವನಿಗೆ ಒಬ್ಬನೇ ಹೊರುವಂಥದ್ದಲ್ಲ. ಏಜೆಂಟರು ಈ ಭಾಗವನ್ನು ಮೆಲ್ಲಗೆ ಹೇಳುತ್ತಾರೆ.

ನಿಂತ ಮರದಿಂದ ಈ ಗುಡ್ಡಗಳಲ್ಲಿ ನಿಜಕ್ಕೂ ಕಾಸು ಹುಟ್ಟಿಸಿರುವುದು ಮೆಣಸಿನ ಬಳ್ಳಿ. ಬಳ್ಳಿ ಹಬ್ಬಿಸಲು ಬೆಳೆಗಾರರು ಹೆಚ್ಚಾಗಿ ಆರಿಸಿಕೊಂಡದ್ದು ಸಿಲ್ವರ್ ಓಕ್. ಆಸ್ಟ್ರೇಲಿಯಾ ಮೂಲದ ಈ ಮರ ನೆಟ್ಟಗೆ ಬೆಳೆಯುತ್ತದೆ, ಬೇಗ ಬೆಳೆಯುತ್ತದೆ. ಅದಕ್ಕಿಂತ ದೊಡ್ಡ ಗುಣ ಕಾಗದದ್ದು: 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ, ಕಡಿಯಲು ಅನುಮತಿ ಬೇಡದ ಮರಗಳ ಪಟ್ಟಿಯಲ್ಲಿ ಸಿಲ್ವರ್ ಇದೆ. ಬೀಟೆ, ಹೊನ್ನೆಗೆ ಇಲಾಖೆಯ ಬಾಗಿಲು ತಟ್ಟಬೇಕು. ಹೀಗಿರುವಾಗ ಯಾವ ಸಸಿ ನೆಡುತ್ತಾರೆಂದು ಊಹಿಸಲು ವಿಜ್ಞಾನ ಬೇಕಿಲ್ಲ. ಊರಿನ ಮರ ಉಳಿಸಲು ಮಾಡಿದ ಕಾನೂನು ಪರದೇಶದ ಮರಕ್ಕೆ ದಾರಿ ಮಾಡಿಕೊಟ್ಟಿತು.

ಮರದ ಇನ್ನೊಂದು ಆದಾಯ ಕಾಫಿ ಚೀಲದೊಳಗೇ ಅಡಗಿರುತ್ತದೆ, ಹಾಗಾಗಿ ಲೆಕ್ಕಕ್ಕೆ ಬರುವುದಿಲ್ಲ. ಅರೇಬಿಕಾವನ್ನು ಕೊಲ್ಲುವ ಬಿಳಿ ಕಾಂಡಕೊರಕದ ದುಂಬಿಗೆ ಬಿಸಿಲು ಇಷ್ಟ. ನೆರಳು ತೆಳುವಾದ ತೋಟದಲ್ಲಿ ಅದು ಕಾಂಡದ ಸೀಳುಗಳಲ್ಲಿ ಹೆಚ್ಚು ಮೊಟ್ಟೆಯಿಡುತ್ತದೆ. ಒಂದು ಲೋಡು ಮರ ಮಾರಿದ ಹಣ ನಾಲ್ಕೈದು ವರ್ಷಗಳಲ್ಲಿ ಗಿಡ ಕಿತ್ತು ಸುಡುವ ಕೂಲಿಗೆ ಹೋಗಬಹುದು.

ರೊಬಸ್ಟಾದ ಕಥೆ ಬೇರೆ. ಅದಕ್ಕೆ ತನ್ನದೇ ಪರಾಗ ಹೊಂದುವುದಿಲ್ಲ; ಹೂಮಳೆ ಬಿದ್ದು ತೋಟ ಬೆಳ್ಳಗಾದ ಆ ಕೆಲವೇ ದಿನಗಳಲ್ಲಿ ಇನ್ನೊಂದು ಗಿಡದ ಪರಾಗ ಬಂದು ಸೇರಬೇಕು. ಸ್ಮಿತಾ ಕೃಷ್ಣನ್ ಮತ್ತು ಸಂಗಡಿಗರು ಕೊಡಗಿನಲ್ಲಿ ನಡೆಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಕೆಲಸಕ್ಕೆ ಹೆಜ್ಜೇನು ಮುಖ್ಯ ಎಂದು ಕಂಡುಬಂತು. ಹೆಜ್ಜೇನು ಪೆಟ್ಟಿಗೆಯಲ್ಲಿ ಸಾಕುವ ಜೇನಲ್ಲ. ಅದಕ್ಕೆ ಎತ್ತರದ ಕೊಂಬೆ ಬೇಕು.

ಹಕ್ಕಿಗಳ ಹೆಸರಿನಲ್ಲಿ ಕಾಫಿಗೆ ಹೆಚ್ಚಿನ ದರ ಪಡೆಯುವ ದಾರಿಯೂ ಇದೆ. ಚಿಕ್ಕಮಗಳೂರು, ಹಾಸನ, ಕೊಡಗಿನ ಕಾಫಿ ತೋಟಗಳಲ್ಲಿ ಕೃತಿ ಕಾರಂತ ಮತ್ತು ಸಹೋದ್ಯೋಗಿಗಳು ನಡೆಸಿದ ಸಮೀಕ್ಷೆ 2018ರಲ್ಲಿ ಪ್ರಕಟವಾಯಿತು. ಕಾಡನ್ನೇ ನಂಬಿದ 79 ಜಾತಿಯ ಹಕ್ಕಿಗಳು ಅಲ್ಲಿದ್ದವು. ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆ ಇಂಥ ತೋಟಗಳಿಗೆ 'ಬರ್ಡ್ ಫ್ರೆಂಡ್ಲಿ' ಮುದ್ರೆ ಕೊಡುತ್ತದೆ. ಅದು ಕೇಳುವ ಶೇ. 40ರ ನೆರಳು ಇಲ್ಲಿನ ಹಳೆಯ ತೋಟಗಳಿಗೆ ಕಷ್ಟವಲ್ಲ. ಬೆಳೆ ಸಾವಯವವಾಗಿರಬೇಕು ಎಂಬ ಇನ್ನೊಂದು ಷರತ್ತು ಬಂದಾಗ, ಮಳೆಗೆ ಮುಂಚೆ ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ ರಸಗೊಬ್ಬರ ಹಾಕುವ ಬೆಳೆಗಾರರು ಅರ್ಜಿ ಮಡಿಚಿಡುತ್ತಾರೆ.